ವಲಸೆ ಎಂದು ಬರೆದ ಏಳು ಹೆಸರು

ಒಂದು ಮಗುವಿಗೆ ಓದಲು ಬರುತ್ತದೆಯೋ ಇಲ್ಲವೋ ಎಂದು ತಿಳಿಯಲು ನಮಗೆ ಬೇಕಾದದ್ದು ಹತ್ತು ನಿಮಿಷ, ಐದು ಕಾರ್ಡು ಮತ್ತು ಬಾಯಿ ಮುಚ್ಚಿಕೊಂಡು ಕೂರುವ ತಾಳ್ಮೆ. ಮೊದಲೆರಡಕ್ಕೆ ತೊಂದರೆಯಿರಲಿಲ್ಲ. ಮೂರನೆಯದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ಮೊದಲ ಕಾರ್ಡಿನಲ್ಲಿ ಬಿಡಿ ಅಕ್ಷರ, ಎರಡನೆಯದರಲ್ಲಿ ಎರಡಕ್ಷರದ ಪದ, ಆಮೇಲೆ ವಾಕ್ಯ, ನಾಲ್ಕು ಸಾಲಿನ ಪ್ಯಾರಾ, ಕೊನೆಗೊಂದು ಪುಟ್ಟ ಕಥೆ. ಮಗು ತಡವರಿಸಿದಾಗ ನಾಲಿಗೆಯ ತುದಿಗೆ ಬಂದ ಉತ್ತರವನ್ನು ನುಂಗಿಕೊಳ್ಳಬೇಕು. ಹುಬ್ಬು ಕೂಡ ಏರಿಸುವಂತಿಲ್ಲ. ಓದಲು ಬಾರದ ಮಕ್ಕಳು ದೊಡ್ಡವರ ಮುಖವನ್ನು ಬಹಳ ಚೆನ್ನಾಗಿ ಓದುತ್ತಾರೆ.

ಜೂನ್ ತಿಂಗಳ ಕೊನೆಯಲ್ಲಿ ಆ ಕಾರ್ಡುಗಳನ್ನು ಹಿಡಿದು ನಾನು ಹಿರಿಯೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ಹೋದೆ. ಯಲ್ಲದಕೆರೆ ದಾಟಿ ಒಳಗೆ ಹೋಗಬೇಕು. ಊರಿನ ಹೆಸರು ಬೇಡ. ಅರ್ಧದಷ್ಟು ಮಕ್ಕಳು ಊರಿನವರು, ಉಳಿದವರು ಕುರಿ ಸಾಕುವವರ ಹಟ್ಟಿಯಿಂದ ನಡೆದು ಬರುವವರು. ಅಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ನನ್ನ ಮುಂದೆ ಕುಳಿತು, ಕೇಳುವ ಮೊದಲೇ ಕಾಗುಣಿತ ಶುರು ಮಾಡಿದಳು. ಕ ಕಾ ಕಿ ಕೀ ಎಂದು ಹಾಡಿನ ಹಾಗೆ, ಉಸಿರು ಬಿಡದೆ. ಕಾರ್ಡಿನ ಮೇಲಿದ್ದ ‘ಕೆ’ ತೋರಿಸಿ ಇದೇನು ಎಂದೆ. ‘ತಡೀರಿ, ಮೊದ್ಲಿಂದ ಬರ್ಬೇಕು’ ಎಂದು ಮತ್ತೆ ‘ಕ’ದಿಂದ ಹೊರಟಳು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ‘ಕಃ’ ತನಕ ಹೋಗಿ ನನ್ನ ಮುಖ ನೋಡಿದಳು. ನಾನು ನಕ್ಕುಬಿಟ್ಟೆ, ಅದೂ ನಿಯಮಕ್ಕೆ ವಿರುದ್ಧ. ಅವಳ ಹೆಸರಿನ ಮುಂದೆ ‘ಅಕ್ಷರ ಗುರುತಿಸುವುದಿಲ್ಲ’ ಎಂದು ಬರೆದುಕೊಂಡೆ.

ನಮ್ಮ ಅಧ್ಯಯನದ ಪ್ರಶ್ನೆ ಒಂದೇ. ಓದಿನಲ್ಲಿ, ಲೆಕ್ಕದಲ್ಲಿ ತೀರ ಹಿಂದೆ ಬಿದ್ದ ಮಕ್ಕಳನ್ನು ತರಗತಿಯ ಪ್ರಕಾರ ಕೂರಿಸದೆ, ಅವರಿಗೆ ಎಷ್ಟು ಬರುತ್ತದೋ ಅಲ್ಲಿಂದ ಹಿಡಿದು ದಿನಕ್ಕೊಂದು ಗಂಟೆ ಕಲಿಸಿದರೆ ಅವರು ಮೇಲೆ ಬರುತ್ತಾರೆಯೇ? ಯಾವ ಶಾಲೆಯಲ್ಲಿ ಹೀಗೆ ಕಲಿಸಬೇಕು, ಯಾವ ಶಾಲೆಯನ್ನು ಹೋಲಿಕೆಗೆ ಹಾಗೇ ಬಿಡಬೇಕು ಎಂಬುದನ್ನು ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ, ಎಲ್ಲ ಮುಖ್ಯಶಿಕ್ಷಕರ ಎದುರಿಗೇ ಎತ್ತಿದ್ದೆವು. ಫಲ ಕಂಡರೆ ಮುಂದಿನ ವರ್ಷ ಉಳಿದ ಶಾಲೆಗಳಿಗೂ ಅದೇ ಪಾಠ ಎಂದು ಮಾತು ಕೊಟ್ಟಿದ್ದೆವು. ನನ್ನ ಮೇಲಿನವರು ಬೆಂಗಳೂರಿನ ಒಬ್ಬ ಪ್ರೊಫೆಸರ್. ಹಳ್ಳಿ ಸುತ್ತುವವಳು, ಚಿತ್ರದುರ್ಗದ ಬಾಡಿಗೆ ಕೋಣೆಯಲ್ಲಿ ಕುಳಿತು ನಮೂನೆ ಜೋಡಿಸುವವಳು ನಾನು.

ಆ ಶಾಲೆಯ ಚೀಟಿ ಪಾಠದ ಗುಂಪಿಗೆ ಬಂತು. ಅಲ್ಲಿನ ಮೇಷ್ಟ್ರು ಐವತ್ತು ದಾಟಿದವರು. ಇಬ್ಬರೇ ಶಿಕ್ಷಕರ ಶಾಲೆ, ಅದರಲ್ಲಿ ಇನ್ನೊಬ್ಬರು ಸದಾ ತರಬೇತಿಯಲ್ಲಿ. ಬೇರೆ ಶಾಲೆಗಳಲ್ಲಿ ನಾನು ಕೈಪಿಡಿ ಕೊಟ್ಟರೆ ಅದು ಬೀರುವಿನೊಳಗೆ ಹೋಗಿ ಬೀಗ ಬೀಳುತ್ತಿತ್ತು. ಇವರು ರಾತ್ರಿ ಓದಿಕೊಂಡು ಬಂದು ಮರುದಿನ ನನ್ನ ಜೊತೆ ಜಗಳಕ್ಕೆ ನಿಂತರು. ಪಾಠದ ಅಕ್ಷರ ಕಾರ್ಡುಗಳನ್ನು ವರ್ಣಮಾಲೆಯ ಸಾಲಿನಲ್ಲೇ ಕೊಟ್ಟಿದ್ದೀರಲ್ಲ, ನಮ್ಮ ಹುಡುಗರು ಹಾಡಿ ಮುಗಿಸುತ್ತಾರೆಯೇ ಹೊರತು ನೋಡುವುದಿಲ್ಲ ಎಂದರು. ಸರಿಯಾದ ಮಾತು. ಸಾಲನ್ನೇ ಕಲಸಿಬಿಟ್ಟೆವು. ಹಟ್ಟಿಯ ಮಕ್ಕಳಿಗಾಗಿ ಅವರ ಮನೆಯ ಕುರಿಗಳನ್ನು ಕರೆಯುವ ಹೆಸರನ್ನೇ ಚೀಟಿಯಲ್ಲಿ ಬರೆದರು: ಕರಿ, ಕೆಂಚಿ, ಚುಕ್ಕಿ. ನಮ್ಮ ಕೈಪಿಡಿಯಲ್ಲಿ ಎಂಟನೇ ವಾರಕ್ಕೆ ಬರಬೇಕಾಗಿದ್ದ ಒತ್ತಕ್ಷರ ಕಾಗುಣಿತ ಹಾಡಿದ್ದ ಹುಡುಗಿಗೆ ಚುಕ್ಕಿಯ ‘ಕ್ಕಿ’ಯಿಂದ ಎರಡನೇ ವಾರಕ್ಕೇ ಸಿಕ್ಕಿತು.

ಲೆಕ್ಕಕ್ಕೆ ತೊಗರಿ ಕಡ್ಡಿ. ಒಂದೇ ಅಳತೆಗೆ ಕತ್ತರಿಸಿ, ಹಳೇ ಸೈಕಲ್ ಟ್ಯೂಬನ್ನು ಬಳೆಯ ಹಾಗೆ ಕೊಯ್ದು, ಹತ್ತತ್ತು ಕಡ್ಡಿಗೆ ಒಂದು ಕಟ್ಟು ಮಾಡಿಟ್ಟಿದ್ದರು. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯಬೇಕಾದರೆ ಒಂದು ಕಟ್ಟು ಬಿಚ್ಚಲೇಬೇಕು. ಬಿಚ್ಚಿದ ಮಗು ‘ದಶಕದಿಂದ ತರುವುದು’ ಎಂದರೇನು ಎಂದು ಮತ್ತೆ ಕೇಳುವುದಿಲ್ಲ.

ಸುಲಭವಾಗಿ ನಡೆಯಿತು ಎಂದಲ್ಲ. ಐದನೇ ತರಗತಿಯ ಹುಡುಗನೊಬ್ಬ ಮೂರನೆಯವರ ಜೊತೆ ಕೂತದ್ದು ಕಂಡು ಅವನ ಅಪ್ಪ ಶಾಲೆಯ ಬಾಗಿಲಿಗೆ ಬಂದು, ನನ್ನ ಮಗನನ್ನು ಎರಡು ಕ್ಲಾಸು ಇಳಿಸಿದ್ದೀರಂತೆ ಎಂದು ಕೂಗಾಡಿದ. ಮೇಷ್ಟ್ರು ಮರುದಿನವೇ ಗುಂಪುಗಳಿಗೆ ಬೇವು, ಹೊಂಗೆ, ಹುಣಸೆ ಎಂದು ಹೆಸರಿಟ್ಟು, ಗದ್ದಲ ತಣ್ಣಗಾಗಿಸಿದರು. ಬೇವಿನ ಗುಂಪಿನವರು ಅಕ್ಷರವೂ ಬಾರದವರು ಎಂಬುದು ಮೇಷ್ಟ್ರಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಬಾರದಾಗಿತ್ತು. ಮಕ್ಕಳಿಗೆಲ್ಲ ಗೊತ್ತಿತ್ತು ಅನ್ನಿ.

ನಾನು ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ಮೇಷ್ಟ್ರು ತಮ್ಮ ಬುತ್ತಿಯಲ್ಲಿ ಒಂದು ರೊಟ್ಟಿ ನನಗೆಂದೇ ಹೆಚ್ಚಿಗೆ ತರಲು ಶುರು ಮಾಡಿದರು. ಮೊದಲು ಮೇಡಮ್ಮೋರೆ ಎನ್ನುತ್ತಿದ್ದವರು ದಸರಾ ರಜೆಯ ಹೊತ್ತಿಗೆ ತಂಗಿ ಎನ್ನತೊಡಗಿದರು. ನನಗೂ ಅವರ ಮೇಲೆ ಅಷ್ಟೇ ಸಲಿಗೆ. ಜನವರಿಯಲ್ಲೊಂದು ದಿನ ಬೇರೆ ಶಾಲೆಗಳ ಸ್ಥಿತಿ ನೋಡಿ ರೋಸಿಹೋಗಿ, ಕೈ ತೊಳೆಯುತ್ತ ಹೇಳಿದೆ: ‘ಎಲ್ಲರೂ ಕೈ ಕೊಟ್ರೂ ನೀವೊಬ್ರು ನನ್ನ ಮಾನ ಉಳಿಸ್ತೀರಿ, ಮೇಷ್ಟ್ರೆ.’ ಅದು ನನಗೆ ಬಿಡ್ರಿ ಎಂದು ಅವರು ನಕ್ಕರು. ಬಾಯಿಗೆ ಬಂದದ್ದನ್ನು ಆಡುವ ಚಾಳಿ ನನ್ನದು. ಆ ಮಾತನ್ನು ಅವರು ತೂಕ ಹಾಕಿ ತೆಗೆದಿಟ್ಟುಕೊಂಡರು ಎಂದು ನನಗೆ ಹೇಗೆ ಗೊತ್ತಾಗಬೇಕು?

ಮಾರ್ಚಿನಲ್ಲಿ ಕೊನೆಯ ಪರೀಕ್ಷೆ. ಜೂನ್‌ನಲ್ಲಿ ಪರೀಕ್ಷಿಸಿದ ಅದೇ ಮಕ್ಕಳ ಪಟ್ಟಿ, ಹೊಸ ಕಾರ್ಡುಗಳು. ಕಲಿಸಿದವರು ಪರೀಕ್ಷಿಸುವಂತಿಲ್ಲ, ಆದ್ದರಿಂದ ಮೇಷ್ಟ್ರು ಹೊರಗೆ ಕೂತರು. ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತ ಹೋದೆ. ಮಕ್ಕಳು ಓದಿದರು. ಪ್ಯಾರಾ ಓದಿದರು, ಕಥೆ ಓದಿದರು. ಒಬ್ಬ ಹುಡುಗಿ ಓದುತ್ತ ಓದುತ್ತ ಕಥೆಗೆ ತಾನೇ ನಕ್ಕಳು. ಸಂಜೆಯ ಹೊತ್ತಿಗೆ ಪಟ್ಟಿಯಲ್ಲಿ ಏಳು ಹೆಸರು ಉಳಿದವು. ಏಳೂ ಹಟ್ಟಿಯ ಮಕ್ಕಳು. ಜೂನ್‌ನಲ್ಲಿ ಕಾಗುಣಿತ ಹಾಡಿದವಳೂ ಅದರಲ್ಲಿದ್ದಳು.

‘ಕುರಿ ಹೊಡ್ಕಂಡು ಗದ್ದೆ ಸೀಮೆ ಕಡಿಗೆ ಹೋಗ್ಯಾರೆ, ತಂಗಿ. ಮನೆ ಮಂದಿ ಎಲ್ಲ ಹೋಗ್ತಾರೆ, ಹುಡುಗ್ರುನ್ನ ಎಲ್ಲಿ ಬಿಡ್ತಾರೆ? ಯುಗಾದಿ ಆದ್ಮೇಲೆ ಬರ್ತಾರೆ’ ಎಂದರು ಮೇಷ್ಟ್ರು.

ನಂಬುವಂಥ ಮಾತೇ. ಬೇಸಿಗೆಗೆ ಮೊದಲು ಕುರಿ ಮಂದೆ ನೀರಾವರಿ ಕಡೆಗೆ ಹೋಗುವುದು ಇಲ್ಲಿ ಎಲ್ಲರೂ ಬಲ್ಲದ್ದು. ಹಟ್ಟಿಯದೇ ಮೂವರು ಮಕ್ಕಳು ಅಂದು ಶಾಲೆಯಲ್ಲಿದ್ದರು, ಅವರನ್ನು ಅಜ್ಜಿಯರ ಹತ್ತಿರ ಬಿಟ್ಟಿದ್ದಾರೆ ಎಂದರು. ನಾನು ಆ ಮೂವರನ್ನು, ಉಳಿದವರು ಎಲ್ಲಿ ಹೋದ್ರಪ್ಪ ಎಂದು ಕೇಳಿದೆ. ಮೂವರೂ ಮೇಷ್ಟ್ರ ಕಡೆ ನೋಡಿದರು. ಮಕ್ಕಳು ಮುಖ ಓದುತ್ತಾರೆ ಎಂದು ಊರಿಗೆಲ್ಲ ಹೇಳುವ ನಾನು ಆ ನೋಟವನ್ನು ಓದಲಿಲ್ಲ.

ವಾರ ಬಿಟ್ಟು ಎರಡನೇ ಸಲ ಹೋಗಬೇಕೆಂಬುದು ನಿಯಮ, ಹೋದೆ. ಆ ಏಳು ಮಂದಿ ಅಂದೂ ಇರಲಿಲ್ಲ. ಮನೆಗೇ ಹೋಗಿ ವಿಚಾರಿಸಿ ಬರೆಯಬೇಕು ಎಂಬುದೂ ನಿಯಮ. ಹಟ್ಟಿ ಅಲ್ಲಿಂದ ಒಂದೂವರೆ ಮೈಲಿ. ಬಿಸಿಲು ನೆತ್ತಿ ಸುಡುತ್ತಿತ್ತು, ಮಧ್ಯಾಹ್ನ ಜವನಗೊಂಡನಹಳ್ಳಿ ಕಡೆಯ ಇನ್ನೊಂದು ಶಾಲೆ ಕಾಯುತ್ತಿತ್ತು. ಮೇಷ್ಟ್ರೇ ಹೇಳಿದ ಮೇಲೆ ಇನ್ನೇನು ಎಂದುಕೊಂಡು ಏಳು ಹೆಸರಿನ ಮುಂದೆಯೂ ನನ್ನ ಕೈಯಾರೆ ‘ವಲಸೆ’ ಎಂದು ಬರೆದೆ.

ಲೆಕ್ಕ ಹಾಕಿದಾಗ ನಮ್ಮ ಶಾಲೆಗಳಲ್ಲೆಲ್ಲ ಮೇಷ್ಟ್ರ ಶಾಲೆಯೇ ಮೊದಲು. ಅಕ್ಷರ ಬಾರದ ಮಗು ಅಲ್ಲಿ ಒಂದೂ ಉಳಿದಿರಲಿಲ್ಲ. ಪ್ರೊಫೆಸರ್ ಫೋನಿನಲ್ಲಿ ಬಹಳ ಹೊತ್ತು ಹೊಗಳಿದರು. ಆ ಶಾಲೆಯ ಬಗ್ಗೆಯೇ ವರದಿಯಲ್ಲಿ ಎರಡು ಪುಟ ಬರೆಯಿರಿ ಎಂದರು. ಅಂದು ಸಂಜೆ ನಾನು ದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ತಿಂದು, ಒಬ್ಬಳೇ ಹಬ್ಬ ಮಾಡಿದೆ.

ಯುಗಾದಿಗೆ ಇನ್ನೂ ವಾರವಿದೆ ಎನ್ನುವಾಗ, ಹೋಲಿಕೆಯ ಶಾಲೆಯೊಂದಕ್ಕೆ ಪುಸ್ತಕ ಕೊಡಲು ಹೋದವಳು ಯಲ್ಲದಕೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆ ತುಂಬ ಕುರಿ ಬಂತು. ಹಿಂದೆ ಕೋಲು ಹೆಗಲಿಗಿಟ್ಟುಕೊಂಡು ಬಂದವನ ಗುರುತು ಹತ್ತಿತು. ಕಾಗುಣಿತದ ಹುಡುಗಿಯ ಅಪ್ಪ, ಪೋಷಕರ ಸಭೆಗೆ ಬಂದಿದ್ದವನು. ಯಾವಾಗ ವಾಪಸ್ ಬಂದಿರಿ ಎಂದು ಕೇಳಿದೆ.

‘ಎಲ್ಲಿಂದ ಬರದು? ಈ ವರ್ಷ ಹೋಗೇ ಇಲ್ಲ ಕಣಮ್ಮ. ಹಿಂಗಾರು ಬಿತ್ತಲ್ಲ, ಮೇವು ಇಲ್ಲೇ ಐತೆ’ ಎಂದ.

ಮತ್ತೆ ಮಗಳು ಎಂದೆ. ದಿನಾ ಶಾಲೆಗೆ ಹೋಗುತ್ತಾಳೆ, ನಿಮ್ಮ ಪರೀಕ್ಷೆ ದಿನ ಮಾತ್ರ ರಜ ಕೊಟ್ಟಿದ್ದರಂತಲ್ಲ ಎಂದ. ಕುರಿ ಮುಂದೆ ಹೋಗಿದ್ದವು, ಅವನೂ ಹೋದ. ಬಸ್ಸು ಬಂತು, ನಾನು ಹತ್ತಲಿಲ್ಲ. ಆಟೋ ಹಿಡಿದು ನೇರ ಶಾಲೆಗೆ ಹೋದೆ.

ಊಟದ ಬಿಡುವಿನ ಹೊತ್ತು. ಹಾಜರಿ ಪುಸ್ತಕ ಕೊಡಿ ಎಂದೆ. ಮೇಷ್ಟ್ರು ನನ್ನ ಮುಖ ನೋಡಿ, ತಂದು ಮೇಜಿನ ಮೇಲಿಟ್ಟರು. ಏಳು ಹೆಸರಿನ ಮುಂದೆ ತಿಂಗಳಿಡೀ ಹಾಜರಿ. ನಾನು ಬಂದ ಎರಡು ದಿನ ಮಾತ್ರ ಗೈರು. ಅವರು ಸುಳ್ಳು ಹಾಜರಿ ಕೂಡ ಬರೆದಿರಲಿಲ್ಲ. ಈ ಪುಸ್ತಕವನ್ನು ನಾನು ತೆರೆದು ನೋಡುವುದಿಲ್ಲ ಎಂಬಷ್ಟು ನನ್ನನ್ನು ಬಲ್ಲವರಾಗಿದ್ದರು.

‘ಕುಂತ್ಕಳ್ರಿ’ ಎಂದರು. ನಾನು ನಿಂತೇ ಇದ್ದೆ.

ತಪಾಸಣೆಗೆ ಸಾಹೇಬರು ಬರುವ ದಿನ ಹಿಂದುಳಿದ ಹುಡುಗರನ್ನು ಮನೆಗೆ ಕಳಿಸುವುದು ತಾವು ಕೆಲಸಕ್ಕೆ ಸೇರಿದಾಗಿನಿಂದ ನಡೆದುಬಂದದ್ದು ಎಂದರು. ಕಳಿಸದಿದ್ದ ಒಂದು ಸಲ ಎಲ್ಲರೆದುರು ಉಗಿಸಿಕೊಂಡು ನೋಟಿಸು ತೆಗೆದುಕೊಂಡಿದ್ದರಂತೆ. ಆಮೇಲೆ ಯಾವತ್ತೂ ಆ ತಪ್ಪು ಮಾಡಲಿಲ್ಲವಂತೆ. ಆ ಪದ್ಧತಿ ನನಗೆ ಹೊಸದೇನಲ್ಲ. ಹೊಸದುರ್ಗದಲ್ಲಿ ನಾನು ಓದುವಾಗ ಇನ್‌ಸ್ಪೆಕ್ಷನ್ ದಿನ ನನ್ನನ್ನು ಮೊದಲ ಬೆಂಚಿಗೆ ಎಳೆದು ಕೂರಿಸುತ್ತಿದ್ದರು. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಅಂದು ಬರುತ್ತಿರಲಿಲ್ಲ. ಅವಳೆಲ್ಲಿ ಎಂದು ಒಂದು ದಿನವೂ ಕೇಳಿದವಳಲ್ಲ ನಾನು. ಮೊದಲ ಬೆಂಚು ನನಗೆ ಖುಷಿ ಕೊಡುತ್ತಿತ್ತು.

ಆದರೆ ಅಂದು ಆ ನೆನಪಿನಿಂದ ನನ್ನ ಸಿಟ್ಟೇನೂ ಇಳಿಯಲಿಲ್ಲ. ‘ಇದು ತಪಾಸಣೆ ಅಲ್ಲ ಅಂತ ಎಷ್ಟು ಸಲ ಹೇಳಿದ್ದೆ ಮೇಷ್ಟ್ರೆ? ಈ ಏಳು ಮಕ್ಕಳಿಗೋಸ್ಕರಾನೇ ಅಲ್ವಾ ನಾವು ವರ್ಷವೆಲ್ಲ ಒದ್ದಾಡಿದ್ದು?’ ಎಂದೆ.

‘ತಪಾಸಣೆ ಅಲ್ಲ ಅಂತ ಬಂದೋರೆಲ್ಲ ಹೇಳ್ತಾರೆ, ತಂಗಿ. ನಂಬ್ಕಂಡು ಉಳ್ದೋನು ಒಬ್ನೂ ಇಲ್ಲ’ ಎಂದರು. ಮತ್ತೆ ಸೇರಿಸಿದರು: ‘ನಿಮ್ಮ ಮಾನ ಉಳಿಸ್ಬೇಕು ಅಂತ ನೀವೇ ಅಂದಿದ್ರಿ. ಉಳಿಸೀನಿ.’

ಮೋಸ ಹೋದೆ ಎಂಬುದೊಂದೇ ತಲೆಯಲ್ಲಿ. ಕಂಡಕಂಡವರಿಂದ ಮೋಸ ಹೋಗುವುದು ನಮ್ಮ ಕೆಲಸದಲ್ಲಿ ಇದ್ದದ್ದೇ, ಬೀರುವಿಗೆ ಬೀಗ ಹಾಕಿದವರು ನನಗೆ ಒಂದು ದಿನವೂ ನೋವು ಕೊಟ್ಟಿರಲಿಲ್ಲ. ಇವರ ಬುತ್ತಿಯ ರೊಟ್ಟಿ ತಿಂದಿದ್ದೆ. ಇಡೀ ವರ್ಷ ನಾನು ಅವರನ್ನು ಜೊತೆಗಾರ ಎಂದುಕೊಂಡಿದ್ದರೆ, ಅವರು ನನ್ನನ್ನು ತಂಗಿ ಎಂದು ಕರೆಯುತ್ತಲೇ ಒಬ್ಬ ಸಾಹೇಬರನ್ನು ಸಂಭಾಳಿಸುತ್ತಿದ್ದರು. ಹಾಜರಿ ಪುಸ್ತಕದ ಆ ಪುಟದ ಫೋಟೊ ತೆಗೆದುಕೊಂಡು ಹೊರಟೆ. ಹೋಗಿ ಬರುತ್ತೇನೆ ಎನ್ನಲಿಲ್ಲ.

ದುರ್ಗಕ್ಕೆ ಬಂದು ಪ್ರೊಫೆಸರ್‌ಗೆ ಫೋನ್ ಮಾಡಿದೆ. ಅವರು ಸಿಟ್ಟಾಗುತ್ತಾರೆ, ನನ್ನನ್ನು ಬೈಯುತ್ತಾರೆ ಎಂದು ಸಿದ್ಧವಾಗಿದ್ದೆ. ಅವರು ಬೈಯಲಿಲ್ಲ. ಎಲ್ಲ ಅಧ್ಯಯನದಲ್ಲೂ ಕೆಲವು ಮಕ್ಕಳು ಕೊನೆಗೆ ಸಿಗುವುದಿಲ್ಲ, ವರದಿ ಕಳಿಸುವ ದಿನ ಹತ್ತಿರ ಬಂದಿದೆ, ವಲಸೆ ಎಂದು ಒಂದು ಸಾಲು ಇದೆಯಲ್ಲ, ಇರಲಿ ಬಿಡಿ ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ ಒಂದು ಕ್ಷಣ ನನಗೂ ಅದು ಸರಿಯೆನ್ನಿಸಿತು. ಈ ಮನುಷ್ಯನ ಹತ್ತಿರವೇ ನಾನು ಪಟ್ಟಿಯ ಕೊನೆಯ ಮಗುವನ್ನೂ ಬಿಡಬಾರದು ಎಂದು ಕಲಿತದ್ದು.

‘ಅವರು ವಲಸೆ ಹೋಗಿಲ್ಲ, ಸಾರ್. ನಾವು ಬರ್ತೀವಿ ಅಂತ ಮೇಷ್ಟ್ರೇ ಅವರನ್ನ ಮನೆಗೆ ಕಳಿಸಿದ್ದಾರೆ’ ಎಂದೆ.

ಹಾಗೆನ್ನುವಾಗಲೇ ನಾನು ನಿಶ್ಚಯ ಮಾಡಿಕೊಂಡೆ. ಆ ಏಳು ಮಕ್ಕಳನ್ನು ಹಟ್ಟಿಗೇ ಹೋಗಿ ಪರೀಕ್ಷಿಸುತ್ತೇನೆ, ಎಷ್ಟು ಬರುತ್ತದೋ ಅಷ್ಟನ್ನು ಸೇರಿಸಬೇಕು, ಇಲ್ಲವಾದರೆ ವರದಿಯಿಂದ ನನ್ನ ಹೆಸರು ತೆಗೆಯಿರಿ ಎಂದೆ. ಅಂಕ ಇಳಿದರೆ ಎಂದು ಕೇಳಿದರು. ಇಳಿಯಲಿ ಎಂದೆ. ಮನೆಗೆ ಹೋಗದೆ ವಲಸೆ ಎಂದು ಬರೆದದ್ದು ನನ್ನ ತಪ್ಪು ಎಂದು ವರದಿಯಲ್ಲಿ ಹಾಕಬೇಕಾಗುತ್ತದೆ ಎಂದರು. ಹಾಕಿ ಎಂದೆ. ಎರಡು ದಿನ ಕೊಟ್ಟರು. ಜೊತೆಗೆ ಯಾರನ್ನೂ ಕೊಡಲಿಲ್ಲ.

ಬಳಸದೆ ಉಳಿದಿದ್ದ ಇನ್ನೊಂದು ಕಾರ್ಡಿನ ಕಟ್ಟು ಮೊಹರು ಒಡೆಯದೆ ಹಾಗೇ ಇತ್ತು. ಅದನ್ನು ತೆಗೆದುಕೊಂಡು ಭಾನುವಾರ ಬೆಳಿಗ್ಗೆ ಹಟ್ಟಿಗೆ ಹೋದೆ. ಮನೆ ಮುಂದೆ ಕೂತರೆ ಊರೇ ನೆರೆಯುತ್ತದೆ, ಒಬ್ಬರಲ್ಲ ಒಬ್ಬರು ಹೇಳಿಕೊಡುತ್ತಾರೆ. ಕುರಿ ಕೂಡುವ ರೊಪ್ಪದ ಆಚೆ ಒಂದು ಹೊಂಗೆ ಮರ ನೋಡಿ, ಮಗು ಹಟ್ಟಿಗೆ ಬೆನ್ನು ಮಾಡಿ ಕೂರುವಂತೆ ಗೋಣಿಚೀಲ ಹಾಸಿಕೊಂಡೆ. ತಾಯಂದಿರಿಗೆ ಮೊದಲು ವಿಷಯ ಹೇಳಿ ಒಪ್ಪಿಗೆ ತೆಗೆದುಕೊಂಡೆ. ಮಕ್ಕಳು ಒಬ್ಬೊಬ್ಬರಾಗಿ ಬಂದರು.

ಜೂನ್‌ನಲ್ಲಿ ಅಕ್ಷರ ಗುರುತಿಸದಿದ್ದ ಹುಡುಗ ಪ್ಯಾರಾ ಓದಿದ, ಎರಡು ಕಡೆ ಎಡವಿದ, ತಾನೇ ತಿದ್ದಿಕೊಂಡ. ಇಬ್ಬರು ವಾಕ್ಯದವರೆಗೆ ಬಂದರು. ಮೂವರು ಪದದಲ್ಲೇ ನಿಂತರು, ಆದರೆ ಆ ಮೂವರೂ ಜೂನ್‌ನಲ್ಲಿ ‘ಗ’ ಯಾವುದು ‘ಸ’ ಯಾವುದು ಎಂದು ಹೇಳಲಾರದವರು. ಕಳೆಯುವ ಲೆಕ್ಕ ಕೊಟ್ಟಾಗ ಒಬ್ಬಳು ನೆಲದ ಮೇಲಿನ ಪುಳ್ಳೆಗಳನ್ನು ಹತ್ತತ್ತು ಎಣಿಸಿ ಗುಡ್ಡೆ ಮಾಡಿ, ಒಂದು ಗುಡ್ಡೆಯನ್ನು ಒಡೆದಳು. ನಮ್ಮ ಪಾಠ ಅವರ ಮೇಲೂ ಕೆಲಸ ಮಾಡಿತ್ತು, ಉಳಿದವರಿಗಿಂತ ನಿಧಾನವಾಗಿ. ಅವರಿಗೆ ಇನ್ನೂ ಆರು ತಿಂಗಳು ಬೇಕಿತ್ತು, ಅಷ್ಟೇ. ನಮ್ಮ ಅಧ್ಯಯನ ಕಂಡುಕೊಳ್ಳಬೇಕಾಗಿದ್ದ ಸಂಗತಿ ಇದೇ. ಮುಚ್ಚಿಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಮೇಷ್ಟ್ರು ತಾವೇ ಬೆಳೆಸಿದ್ದನ್ನು ತಾವೇ ನಂಬಿರಲಿಲ್ಲ. ನನಗೆ ಅವರ ಮೇಲಿನ ಸಿಟ್ಟು ಇನ್ನೂ ಹೆಚ್ಚಾಯಿತು.

ಕಾಗುಣಿತದ ಹುಡುಗಿ ಕೊನೆಗೆ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು. ಗೋಣಿಚೀಲದ ಅಂಚಿನಲ್ಲಿ ಕೂತು, ನಾನು ಕೊಟ್ಟ ಮೊದಲ ಕಾರ್ಡನ್ನು ಒಮ್ಮೆ ನೋಡಿ ಬೋರಲಾಗಿ ಇಟ್ಟಳು.

‘ನಾನು ಓದಲ್ಲ’ ಎಂದಳು.

ಯಾಕವ್ವ ಎಂದೆ. ಹೆದರಿಕೆಯೇನೋ ಎಂದುಕೊಂಡೆ. ಹೆದರಿದ ಮಗುವಿನ ಮುಖ ಅದಾಗಿರಲಿಲ್ಲ.

‘ಬೇವಿನ ಗುಂಪ್ನೋರು ಬರಬ್ಯಾಡ ಅಂತ ನೀವೇ ಅಂದ್ರಂತಲ್ಲ. ಮೇಷ್ಟ್ರು ಹೇಳಿದ್ರು. ಅವತ್ತು ನಾನು ಹೊಸ ಲಂಗ ಹಾಕ್ಕಂಡು ಬಂದಿದ್ದೆ, ಬಾಗ್ಲಿಂದ ವಾಪಸ್ ಕಳಿಸಿದ್ರು’ ಎಂದಳು. ಆಮೇಲೆ ನೆಲ ನೋಡುತ್ತ, ‘ನಂಗೆ ಕಥೆ ಪೂರ್ತಿ ಓದಕ್ಕೆ ಬರುತ್ತೆ. ನಿಮ್ಮ ಮುಂದೆ ಓದಲ್ಲ’ ಎಂದಳು.

ನಾನು ಹಾಗೆ ಹೇಳಿಲ್ಲ ಎಂಬ ಮಾತು ಬಾಯಿಗೆ ಬಂದಿತ್ತು. ಹೇಳಿದ್ದರೆ ನಿನ್ನ ಮೇಷ್ಟ್ರು ಸುಳ್ಳು ಹೇಳಿದರು ಎಂದು ಆಡಿದಂತೆಯೇ. ನಾಳೆ ಬೆಳಿಗ್ಗೆ ಅವಳು ಹೋಗಿ ಕೂರಬೇಕಾದ್ದು ಆ ಮೇಷ್ಟ್ರ ಮುಂದೆ. ಚುಕ್ಕಿ ಎಂದು ಬರೆದು ಅವಳಿಗೆ ಓದು ಹಚ್ಚಿದವರು ಅವರು, ನಾನಲ್ಲ. ನಾನು ಹದಿನೈದು ದಿನಕ್ಕೊಮ್ಮೆ ಬಂದು ಹೋದವಳು, ಈ ಭಾನುವಾರ ಕಳೆದರೆ ಮತ್ತೆ ಬರುವವಳೂ ಅಲ್ಲ. ನನ್ನ ಹೆಸರು ಕೆಟ್ಟರೆ ಅವಳಿಗೆ ಆಗುವ ನಷ್ಟವೇನೂ ಇಲ್ಲ. ಬಾಯಿ ಮುಚ್ಚಿಕೊಂಡು ಕೂತೆ.

ಮಗು ಬೇಡ ಎಂದರೆ ಇನ್ನೊಂದೇ ಸಲ ಕೇಳಬಹುದು, ಒತ್ತಾಯ ಮಾಡುವಂತಿಲ್ಲ. ಇನ್ನೊಂದು ಸಲ ಕೇಳಿದೆ. ಅವಳು ತಲೆಯಾಡಿಸಿ ಎದ್ದು, ಲಂಗ ಕೊಡವಿಕೊಂಡು ಹಟ್ಟಿಯ ಕಡೆ ನಡೆದಳು. ನಮೂನೆಯಲ್ಲಿ ‘ವಲಸೆ’ ಎಂಬುದನ್ನು ಹೊಡೆದುಹಾಕಿ ‘ನಿರಾಕರಣೆ’ ಎಂದು ಬರೆದೆ. ಕಾರಣ ಎಂಬ ಖಾನೆಯಲ್ಲಿ ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆಯಬೇಕು, ನಮ್ಮ ಅಭಿಪ್ರಾಯ ಸೇರಿಸಬಾರದು. ‘ನೀವೇ ಬರಬ್ಯಾಡ ಅಂದ್ರಂತಲ್ಲ’ ಎಂದು ಬರೆದು, ಕೆಳಗೆ ಸಹಿ ಹಾಕಿದೆ.